ಚಲುವಯ್ಯನ ತುತ್ತು

ಚಲುವಯ್ಯನನ್ನು ಮೊದಲ ಸಲ ಕಂಡಾಗ, ಇದನ್ನು ಬರೆಯುತ್ತಿರುವವರು ಅವನನ್ನು ದೊಡ್ಡ ಚಿತ್ರಕಾರನೆಂದು ತಿಳಿದು ಕೈಮುಗಿದಿದ್ದರು. ಹೆತ್ತೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ, ಮೊಣಕೈವರೆಗೂ ನೀಲಿ, ಉಗುರಿನ ಸಂದಿಯಲ್ಲೂ ನೀಲಿ, ಕಿವಿಯ ಮೇಲೊಂದು ನೀಲಿ ಚುಕ್ಕೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಟೀ ಹೀರುತ್ತ ಕೂತ ಮನುಷ್ಯನನ್ನು ಇನ್ನೇನೆಂದು ತಿಳಿಯಬೇಕು? ಈ ಕೆಲಸ ಎಷ್ಟು ವರ್ಷದಿಂದ ಎಂದರೆ, "ಇಪ್ಪತ್ತೆಂಟಾಯ್ತು" ಅಂದ. ಬರೀ ನೀಲಿಯೇ ಯಾಕೆ ಎಂದರೆ, "ಬ್ಯಾರೆ ಬಣ್ಣ ಬಂತು ಅಂದ್ರೆ ಕೆಲ್ಸ ಕೆಟ್ಟೋಯ್ತು ಅಂತ ಲೆಕ್ಕ" ಅಂದ. ಇಂಥ ಮಾತನ್ನು ದೊಡ್ಡ ಕಲಾವಿದರಲ್ಲದೆ ಮತ್ಯಾರೂ ಆಡಲಾರರು. ಅವನು ಎದ್ದುಹೋದ ಮೇಲೆ ಹೋಟೆಲಿನವರು ಹೇಳಿದರು: "ಅಂವ ಪ್ರತಾಪ್ ಗೌಡ್ರ ತೋಟದಾಗೆ ಔಷಧಿ ಹೊಡೆಯೋನು ಕಣ್ರೀ."

ಔಷಧಿ ಎಂದರೆ ಬೋರ್ಡೋ. ಮೈಲುತುತ್ತವನ್ನು ಒಂದು ಕಡೆ ನೀರಿನಲ್ಲಿ ನೆನೆಸಿ, ಸುಣ್ಣವನ್ನು ಇನ್ನೊಂದು ಕಡೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕಿದರೆ ಬರುವ ತಿಳಿನೀಲಿ. ಮಳೆಗಾಲಕ್ಕೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಇದನ್ನು ಹೊಡೆಯದಿದ್ದರೆ ಆ ಸೀಮೆಯಲ್ಲಿ ಯಾವ ಎಲೆಗೂ ಭರವಸೆ ಇಲ್ಲ. ಹದ ನೋಡುವುದಕ್ಕೆ ಒಂದು ಚಾಕು ಸಾಕು. ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಚಲುವಯ್ಯನಿಗೆ ಚಾಕು ಬೇಕಿಲ್ಲ. ಅವನು ಡ್ರಮ್ಮಿನೊಳಗೆ ಒಮ್ಮೆ ಇಣುಕಿ, "ಇನ್ನೊಂದು ಬೊಗಸೆ ಸುಣ್ಣ ಹಾಕ್ರಲಾ" ಅಂದರೆ ಮುಗಿಯಿತು. ಚಾಕು ಅದ್ದುವುದು ಯಾರಾದರೂ ಆಫೀಸರು ಪಕ್ಕದಲ್ಲಿ ನಿಂತಿದ್ದಾಗ ಮಾತ್ರ, ಅವರ ಸಮಾಧಾನಕ್ಕೆ.

ಅವನ ಯಜಮಾನರಾದ ಪ್ರತಾಪ್ ಗೌಡರು ಕೆಟ್ಟವರಲ್ಲ; ಬಿಡುವು ಜಾಸ್ತಿಯಾದವರು. ತೋಟದ ಆಳು-ಲೆಕ್ಕವನ್ನೆಲ್ಲ ರೈಟರ್ ನೋಡಿಕೊಳ್ಳುತ್ತಾನೆ, ಹೋಮ್‌ಸ್ಟೇಯನ್ನು ಅಡುಗೆಯವರು ನೋಡಿಕೊಳ್ಳುತ್ತಾರೆ. ಗೌಡರು ಏನನ್ನು ನೋಡಿಕೊಳ್ಳಬೇಕು ಎಂಬುದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಒಂದು ವರ್ಷ ಅತಿಥಿಗಳ ಸವಾರಿಗೆಂದು ಕುದುರೆ ತಂದರು; ಅದು ಇಳಿಜಾರಿಗೆ ಕಾಲಿಡಲು ಒಪ್ಪದೆ ಗೇಟಿನ ಹತ್ತಿರವೇ ಉಳಿದು ದಪ್ಪಗಾಯಿತು. ಮರುವರ್ಷ ಮೌನಶಿಬಿರ ಮಾಡಿದರು. ಬಂದವರೆಲ್ಲ ನೆಟ್‌ವರ್ಕ್ ಸಿಗುವ ಒಂದೇ ಬಂಡೆಯ ಮೇಲೆ ಹತ್ತಿ ಕೂತು ದಿನವಿಡೀ ಕೂಗಾಡಿದರು. ಈ ಸಲ ಕಲೆ. ಬೆಳೆಯೆಲ್ಲ ಮಾರಾಟವಾಗಿ ಖಾಲಿ ಬಿದ್ದಿದ್ದ ಕಾಫಿ ಸ್ಟೋರಿಗೆ ಸುಣ್ಣ ಹೊಡೆಸಿ, ಮೈಸೂರಿನ ಸುಚಿತ್ರಾ ಎಂಬ ಕಲಾವಿದೆಯ ಹನ್ನೊಂದು ಚಿತ್ರಗಳನ್ನು ತರಿಸಿದರು. ಮೇ ತಿಂಗಳ ಕೊನೆ. ಶುಕ್ರವಾರದಿಂದ ಭಾನುವಾರದವರೆಗೆ ಪ್ರದರ್ಶನ.

ಗುರುವಾರ ಚಿತ್ರಗಳನ್ನು ನೇತುಹಾಕುವಾಗ ಏಣಿ ಹಿಡಿದಿದ್ದವನು ಚಲುವಯ್ಯ. ಚಿತ್ರಗಳಲ್ಲಿ ಮನುಷ್ಯ, ಮರ, ಬೆಟ್ಟ ಏನೂ ಇರಲಿಲ್ಲ, ಬರೀ ಬಣ್ಣ. ಒಂದು ಪೂರಾ ಕೆಂಪು, ಒಂದು ಅರಿಶಿನ, ಎದುರು ಗೋಡೆಗೆ ಬಾಗಿಲಷ್ಟು ಎತ್ತರದ ನೀಲಿ. ಆ ನೀಲಿಯ ಮುಂದೆ ಬಂದಾಗ ಅವನು ಏಣಿಯ ಮೇಲಿನ ಕೈ ತೆಗೆದು ನಿಂತುಬಿಟ್ಟ.

"ಅವ್ವಾ, ಇದ್ರಾಗೆ ಸುಣ್ಣ ಕಮ್ಮಿ ಆಗೈತೆ."

"ಏನು ಕಮ್ಮಿ?" ಅಂದಳು ಸುಚಿತ್ರಾ.

"ಸುಣ್ಣ. ಮ್ಯಾಲಿಂದು ಸರಿ ಐತೆ. ಈ ಕೆಳಗಲ ಮೂಲೆ ನೋಡಿ, ಸುಡೋ ನೀಲಿ ಆಗ್ಬುಟ್ಟೈತೆ."

ಸುಚಿತ್ರಾ ನಗಲು ಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಮೂಲೆಯನ್ನು ಹತ್ತು ನಿಮಿಷ ನೋಡಿದಳು. ಆಮೇಲೆ ಚೀಲದಿಂದ ಬಿಳಿ ಬಣ್ಣದ ಟ್ಯೂಬು ತೆಗೆದು, ಬಟ್ಟೆಗೆ ಇಷ್ಟೇ ಇಷ್ಟು ಹಚ್ಚಿಕೊಂಡು ಮೂಲೆಯನ್ನು ತೆಳ್ಳಗೆ ಸವರಿದಳು.

"ಈಗ?"

"ಈಗ ಹೊಡೀಬೋದು."

ಆ ಮೂರು ದಿನಗಳಲ್ಲಿ ಸ್ಟೋರಿಗೆ ಬಂದವರು ಇನ್ನೂರಕ್ಕೆ ಕಡಿಮೆಯಿಲ್ಲ. ಆದರೆ ಚಿತ್ರವನ್ನು ನಿಜವಾಗಿ ನೋಡಿದವನು ಇವನೊಬ್ಬನೇ ಎಂದು ಸುಚಿತ್ರಾ ಆಮೇಲೆ ಹೇಳುತ್ತಿದ್ದಳು. ಉಳಿದವರು ನೋಡಲಿಲ್ಲ, ತಾವು ನೋಡುತ್ತಿರುವುದು ಬೇರೆಯವರಿಗೆ ಕಾಣುವಂತೆ ನಿಂತುಕೊಂಡರು.

ಆ ಗುರುವಾರ ಸಂಜೆ ಚಲುವಯ್ಯನ ಮನಸ್ಸೆಲ್ಲ ತನ್ನ ಒಂದೆಕರೆಯ ಮೇಲಿತ್ತು. ತೋಟದ ಬೇಲಿಯಾಚೆ ಅವನದೇ ಜಮೀನು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ತೊಂಬತ್ತು ಮೆಣಸಿನ ಬಳ್ಳಿ. ಒಂದೊಂದನ್ನೂ ನೆಟ್ಟವಳು ಹೆಂಡತಿ ಮಾರಮ್ಮ. ಹೋದ ಮಳೆಗಾಲ ಗೌಡರ ತೋಟಕ್ಕೆಲ್ಲ ಹೊಡೆದು ಮುಗಿಸಿ ತನ್ನ ಬಳ್ಳಿಗೆ ಬರುವಷ್ಟರಲ್ಲಿ ಮಳೆ ಹಿಡಿದು, ಸೊರಗುರೋಗಕ್ಕೆ ಹನ್ನೆರಡು ಬಳ್ಳಿ ಹೋದವು. ಹಳದಿಯಾದ ಎಲೆ ಹದಿನೈದು ದಿನದಲ್ಲಿ ಉದುರಿ, ಮರದ ಮೇಲೆ ಹಗ್ಗ ಉಳಿದಂತೆ ಬಳ್ಳಿ ಉಳಿದಿತ್ತು. ಉಳಿದ ಎಪ್ಪತ್ತೆಂಟಕ್ಕೆ ಈ ಸಲ ಮೊದಲೇ ಹೊಡೆಯುತ್ತೇನೆಂದು ಮಾರಮ್ಮನಿಗೆ ಮಾತು ಕೊಟ್ಟಿದ್ದ. ಗೌಡರ ಒಪ್ಪಿಗೆ ಪಡೆದು, ನಾಲ್ಕು ಕೆಜಿ ಮೈಲುತುತ್ತ ತಂದು, ಸ್ಟೋರಿನೊಳಗೆ ಮೂಲೆಯ ನಲ್ಲಿಯ ಪಕ್ಕದಲ್ಲಿ ಯಾವತ್ತೂ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಹಾಕಿದ. ಬೆಳಿಗ್ಗೆ ಅತಿಥಿಗಳು ಬರುವ ಮುಂಚೆ ಎರಡು ಕ್ಯಾನಿಗೆ ತುಂಬಿಕೊಂಡು ಹೋಗುವುದು ಮಾತಾಗಿತ್ತು.

ಕೆಟ್ಟಿದ್ದು ಮುಖ್ಯ ಅತಿಥಿಗಳಿಂದ. ಆಲೂರಿನಲ್ಲಿ ನೆಲೆಸಿರುವ ನಿವೃತ್ತ ಉಪನ್ಯಾಸಕರಾದ ಚನ್ನಬಸವಯ್ಯ ಮೇಷ್ಟ್ರು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದರು. ಮುಖ್ಯ ಅತಿಥಿಗಳ ಪೈಕಿ ಇದು ಹಿಂದೆ ನಡೆದಿಲ್ಲ, ಆದ್ದರಿಂದ ಯಾರೂ ತಯಾರಿರಲಿಲ್ಲ. ಚಲುವಯ್ಯ ಕ್ಯಾನು ತರಲು ಮನೆಗೆ ಹೋಗಿದ್ದ. ಗೌಡರು ಗಾಬರಿಯಲ್ಲಿ ಬಾಗಿಲಲ್ಲೇ ಶಾಲು ಹೊದಿಸಿದರು. ಮೇಷ್ಟ್ರು ಶಾಲು ಸರಿಪಡಿಸಿಕೊಳ್ಳುತ್ತ ಒಳಗೆ ಬಂದು, ಹನ್ನೊಂದು ಚಿತ್ರಗಳನ್ನು ಎರಡು ನಿಮಿಷದಲ್ಲಿ ದಾಟಿ, ಮೂಲೆಯ ಡ್ರಮ್ಮಿನ ಮುಂದೆ ಗಕ್ಕನೆ ನಿಂತರು.

ಡ್ರಮ್ಮು ಹುಟ್ಟಿದಾಗ ಬಿಳಿಯದು. ಹತ್ತು ಹನ್ನೆರಡು ವರ್ಷಗಳ ಔಷಧಿ ಅಂಚಿನಿಂದ ಸುರಿದು, ಒಣಗಿ, ಮತ್ತೆ ಸುರಿದು, ಹೊರಮೈಯಲ್ಲಿ ನೂರು ಬಗೆಯ ನೀಲಿ ಪದರಗಟ್ಟಿತ್ತು. ಒಳಗೆ ತುತ್ತದ ನೀರು. ಅದರ ನೇರಕ್ಕೆ ಸೂರಿನಲ್ಲೊಂದು ಗಾಜಿನ ಹೆಂಚು. ಒಂಬತ್ತೂವರೆಯ ಬಿಸಿಲು ಅದರಿಂದ ಇಳಿದು ನೀರು ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಆಹಾ!" ಎಂದರು ಮೇಷ್ಟ್ರು. "ಗೋಡೆಯಿಂದ ಇಳಿದು ಬಂದ ಚಿತ್ರ! ಚೌಕಟ್ಟನ್ನು ಮೀರಿದ ಬಣ್ಣ! ಪ್ರತಾಪ್, ಇದೇ ನೋಡಿ ಈ ಪ್ರದರ್ಶನದ ಹೃದಯ."

ಗೌಡರು ಬಾಯಿ ತೆರೆದರು. ಆದರೆ ಶಾಲು ಹೊದಿಸಿ ಆಗಿತ್ತು. ಶಾಲು ಹೊದಿಸಿದ ಮೇಲೆ ಅತಿಥಿಯನ್ನು ತಿದ್ದುವ ಪದ್ಧತಿ ನಮ್ಮ ಕಡೆ ಇಲ್ಲ. ತಿದ್ದುವುದಿದ್ದರೆ ಮುಂಚೆಯೇ ತಿದ್ದಬೇಕು. "ಹೌದು ಸಾರ್, ಅದೂ ಒಂದು" ಎಂದುಬಿಟ್ಟರು. ಸುಚಿತ್ರಾ ಏನೋ ಹೇಳಹೊರಟಾಗ ಕಣ್ಣಲ್ಲೇ ಕೈಮುಗಿದರು. ಮೇಷ್ಟ್ರು ಉದ್ಘಾಟನಾ ಭಾಷಣದ ನಲವತ್ತು ನಿಮಿಷದಲ್ಲಿ ಮೂವತ್ತನ್ನು ಡ್ರಮ್ಮಿಗೆ ಕೊಟ್ಟರು.

ಚಲುವಯ್ಯ ಎರಡು ಕ್ಯಾನು ಹಿಡಿದು ಬರುವ ಹೊತ್ತಿಗೆ ಡ್ರಮ್ಮಿನ ಸುತ್ತ ಹಗ್ಗ ಕಟ್ಟಿತ್ತು. 'ನೀಲಿಯ ಮೌನ' ಎಂದು ಬರೆದ ಚೀಟಿ ಅಂಟಿಸಿತ್ತು.

"ಗೌಡ್ರೆ, ನನ್ ತುತ್ತ..."

"ಶ್! ಭಾನುವಾರ ಸಂಜೆಗಂಟ ತಡ್ಕೋ ಮಾರಾಯ. ಮೇಷ್ಟ್ರು ಪೇಪರಿಗೆ ಬರೀತಾರಂತೆ."

"ಮಳೆ ಬಂದ್ರೆ?"

"ಬರಲ್ಲ ಕಣೋ. ಮೊಬೈಲಲ್ಲಿ ನೋಡಿದೀನಿ, ಬುಧವಾರಕ್ಕೆ ಐತೆ."

ಇನ್ನೊಂದು ನಾಲ್ಕು ಕೆಜಿ ಕೊಳ್ಳೋಣವೆಂದರೆ ಹೆತ್ತೂರಿನ ಅಂಗಡಿಯಲ್ಲಿ ಮೈಲುತುತ್ತ ಮುಗಿದಿತ್ತು. ಹೊಸ ಲೋಡು ಸೋಮವಾರಕ್ಕೆ. ಪೆಚ್ಚಾಗಿ ವಾಪಸು ಬಂದವನ ಕೈಗೆ ಗೌಡರು ಒಂದು ಬಿಳಿ ಅಂಗಿ ಕೊಟ್ಟು, ಡ್ರಮ್ಮನ್ನು ಯಾರೂ ಮುಟ್ಟದಂತೆ ಕಾಯಲು ನಿಲ್ಲಿಸಿದರು. ಹೀಗೆ ಚಲುವಯ್ಯ ತನ್ನ ಸ್ವಂತ ತುತ್ತವನ್ನು ತಾನೇ ಒಯ್ಯದಂತೆ ಕಾವಲು ನಿಂತ.

ನಿಂತವನಿಗೆ ನೋಡುವುದಕ್ಕೆ ಚಿತ್ರಗಳಿಗಿಂತ ನೋಡಲು ಬಂದವರೇ ಹೆಚ್ಚು ಸಿಕ್ಕಿದರು. ಚಿತ್ರದಿಂದ ಮೂರು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ, ತಲೆ ವಾಲಿಸಿ, "ಹೂಂ" ಅನ್ನುವವರು ಬಹಳ. ತಲೆ ವಾಲಿಸಿದವರನ್ನು ಕಂಡು ಪಕ್ಕದವರೂ ವಾಲಿಸುತ್ತಿದ್ದರು. ಒಮ್ಮೆ ಇಡೀ ಸಾಲು ಗಾಳಿಗೆ ಸಿಕ್ಕ ಬಾಳೆಯಂತೆ ಒಂದೇ ಕಡೆ ವಾಲಿತು. ಅರಿಶಿನದ ಚಿತ್ರದ ಮುಂದೆ ಒಬ್ಬ ಕಾಲು ಗಂಟೆ ಕದಲದೆ ನಿಂತದ್ದನ್ನು ಕಂಡು ಗೌಡರ ಕಣ್ಣು ತುಂಬಿತು. ಅವನ ಫೋನು ಆ ಚಿತ್ರದ ಕೆಳಗಿನ ಪ್ಲಗ್ಗಿನಲ್ಲಿ ಚಾರ್ಜಿಗಿದ್ದುದನ್ನು ಚಲುವಯ್ಯ ಕಂಡಿದ್ದ. ಹಾಸನದಿಂದ ಬಂದ ನವ್ಯಶ್ರೀ ಎಂಬ ಹುಡುಗಿ ಕೆಂಪು ಚಿತ್ರದ ಎದುರು ಬಿಕ್ಕಿಬಿಕ್ಕಿ ಅತ್ತಳು; ಅತ್ತದ್ದು ಮೊಬೈಲಿನಲ್ಲಿ ಸರಿಯಾಗಿ ಬಂದಿದೆಯೇ ನೋಡಿ, ಬಂದಿಲ್ಲವೆಂದು ಮತ್ತೊಮ್ಮೆ ಅತ್ತಳು. ಮಾರನಹಳ್ಳಿ ಕಡೆಯ ಪ್ಲಾಂಟರೊಬ್ಬರು ಮಾತ್ರ ಕೈ ಹಿಂದೆ ಕಟ್ಟಿಕೊಂಡು ಸುತ್ತಿ ಬಂದು, "ಇದು ಎಷ್ಟು ಲೀಟ್ರು ಬಣ್ಣ ಕುಡೀತು?" ಎಂದು ಕೇಳಿದರು. ಚಲುವಯ್ಯನಿಗೆ ಅವರ ಮೇಲೆ ಗೌರವ ಬಂತು.

ಚನ್ನಬಸವಯ್ಯ ಮೇಷ್ಟ್ರು ಮೂರು ದಿನವೂ ಬಂದರು. ಹೋಮ್‌ಸ್ಟೇಯ ಊಟ ಚೆನ್ನಾಗಿತ್ತು. ಶಾಲನ್ನೂ ಮೂರು ದಿನ ತೆಗೆಯಲಿಲ್ಲ. ಡ್ರಮ್ಮಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಬಗ್ಗಿಸಿ, "ಹೇಳಿ, ಒಳಗೆ ನಿಮಗೆ ಏನು ಕಾಣುತ್ತೆ?" ಎಂದು ಪರೀಕ್ಷೆ ಮಾಡುತ್ತಿದ್ದರು. ಒಬ್ಬರಿಗೆ ಕೃಷ್ಣ ಕಂಡ. ಒಬ್ಬರಿಗೆ ಮುರುಡೇಶ್ವರದ ಸಮುದ್ರ ಕಂಡಿತು. "ನನ್ನ ಒಂಟಿತನ" ಎಂದು ನವ್ಯಶ್ರೀ ಅಂದಾಗ ಮೇಷ್ಟ್ರು ಎದ್ದು ನಿಂತು ಅಭಿನಂದಿಸಿದರು. ಯಾರೂ ನೀರು ಕಾಣುತ್ತೆ ಎನ್ನಲಿಲ್ಲ. ಹಾಗೆ ಅಂದರೆ ಫೇಲು ಎಂದು ಎಲ್ಲರಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಪಕ್ಕದ ತೋಟದ ಕಲ್ಯಾಣಮ್ಮನವರು ಬಗ್ಗಿದಾಗ ಸೀರೆಯ ಪಿನ್ನು ಡ್ರಮ್ಮಿಗೆ ಬಿತ್ತು. ಚಲುವಯ್ಯ ಕಲಕುವ ಕೋಲಿನಿಂದ ಎತ್ತಿಕೊಟ್ಟ. ಪಿನ್ನು ಕೆಂಪಗೆ ಮಿರಮಿರ ಮಿಂಚುತ್ತಿತ್ತು.

"ಅಯ್ಯಯ್ಯೋ, ಬಂಗಾರ ಆಗೋಯ್ತಲ್ರೀ!"

"ಬಂಗಾರಲ್ಲ ಕಣವ್ವ, ತುತ್ತದ ನೀರಿಗೆ ಕಬ್ಬಿಣ ಬಿದ್ರೆ ಹಂಗೇಯ" ಎಂದು ಚಲುವಯ್ಯ ಹೇಳಿದ್ದನ್ನು ಕೇಳುವವರಿರಲಿಲ್ಲ. ಮೇಷ್ಟ್ರು ಆಗಲೇ ಎದ್ದಿದ್ದರು.

"ನೋಡಿ! ಜಡವಾದ ಕಬ್ಬಿಣವೇ ಬಣ್ಣಕ್ಕೆ ಸ್ಪಂದಿಸಿತು. ನೀವು ಯಾವಾಗ?"

ಸ್ಪಂದಿಸದವರು ಎನಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಸೆರಗಿನ ಪಿನ್ನುಗಳು ಬಂದವು, ತಲೆಯ ಪಿನ್ನುಗಳು ಬಂದವು, ಒಬ್ಬರು ಬೀರುವಿನ ಬೀಗದ ಕೈ ದಾರಕ್ಕೆ ಕಟ್ಟಿ ಇಳಿಬಿಟ್ಟರು. ಚಿತ್ರ ನೇತುಹಾಕಿ ಮಿಕ್ಕಿದ್ದ ಮೊಳೆಗಳನ್ನು ಯಾರೋ ಹಿಡಿಗಟ್ಟಲೆ ತಂದು ಸುರಿದರು. ಮೊಳೆಯ ಮೇಲೆ ಕೂತ ಕೆಂಪೆಲ್ಲ ನೀರಿನೊಳಗಿನ ತಾಮ್ರವೇ. ಅಂದರೆ ಔಷಧಿಯ ಸತ್ವ ಅಷ್ಟು ಇಳಿಯಿತು. ಚಲುವಯ್ಯನಿಗೆ ಒಂದೊಂದು ಮೊಳೆಯೂ ಒಂದೊಂದು ಬಳ್ಳಿಗೆ ಹೊಡೆದಂತಾಯಿತು.

"ಹಾಕ್ಬ್ಯಾಡಿ ಸ್ವಾಮಿ! ಕಬ್ಬಿಣ ನನ್ ತುತ್ತ ತಿಂದ್ಬುಡ್ತದೆ!"

ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಕೇಳಿದಿರಾ? ಏನಂದ ಕೇಳಿದಿರಾ? ಕಬ್ಬಿಣ ನನ್ನ ತುತ್ತನ್ನು ತಿಂದುಬಿಡುತ್ತದೆ! ಯಂತ್ರಯುಗ ಬಡವನ ಬಾಯಿಂದ ಕಸಿದ ತುತ್ತು! ಅನ್ನದ ತುತ್ತು!" ಅವರ ದನಿ ನಡುಗಿತು. "ಈ ಹಳ್ಳಿಗನಿಗೆ ಕಂಡದ್ದು ನಮಗೆ ಕಾಣಲಿಲ್ಲವಲ್ಲ!"

"ಅನ್ನದ್ದಲ್ಲ ಮೇಷ್ಟ್ರೆ, ಮೈಲು..."

ಚಪ್ಪಾಳೆಯಲ್ಲಿ ಮೈಲು ಮುಳುಗಿಹೋಯಿತು. ಸಂಜೆಯೊಳಗೆ ಹಳೆಯ ಚೀಟಿ ಹೋಗಿ 'ತುತ್ತು' ಎಂಬ ಹೊಸ ಚೀಟಿ ಬಂತು. ಬಡವನ ತುತ್ತಿಗಾಗಿ ಮರುಗಿದ ಜನ ಹೋಗುವ ಮುಂಚೆ ಒಂದೊಂದು ಮೊಳೆ ಹಾಕಿಯೇ ಹೋದರು.

ಹೊತ್ತು ಇಳಿಯುವಾಗ ಮನೆಗೆ ಬಂದರೆ ಮಾರಮ್ಮ ಅಂಗಳದಲ್ಲಿ ನಿಂತಿದ್ದಳು.

"ನಿನ್ ತುತ್ತ ನೋಡಕ್ಕೆ ಊರೆಲ್ಲ ಕಾರು ಮಾಡ್ಕಂಡು ಹೋಯ್ತದಂತೆ? ನಂಗೂ ಒಂದ್ಸಲ ತೋರ್ಸು ಮಾರಾಯ, ನನ್ ಬಳ್ಳಿ ಅಂತೂ ಇನ್ನೂ ನೋಡಿಲ್ಲ."

"ನಾಳೆ ಸಂಜೆ ಕೊಡ್ತಾರೆ."

"ಅಲ್ನೋಡು." ಅವಳು ಮರಗಳ ಕಡೆ ಕೈ ತೋರಿಸಿದಳು. ಪಡುವಣದ ಗಾಳಿಗೆ ಸಿಲ್ವರ್ ಮರದ ಎಲೆಗಳೆಲ್ಲ ಮಗುಚಿ ಬೆಳ್ಳಗೆ ಬೆನ್ನು ತೋರಿಸುತ್ತಿದ್ದವು. "ಗಾಳಿ ತಿರುಗೈತೆ. ನಾಳೆ ಹೊತ್ ಮುಳುಗೋದ್ರೊಳಗೆ ಮಳೆ. ಇಪ್ಪತ್ತೆಂಟು ವರ್ಷ ಅವ್ರ ತೋಟಕ್ಕೆ ಹೊಡ್ದೆ. ನಮ್ ಬಳ್ಳಿಗೆ ಹೊಡೆಯೋ ದಿನ ಬಿಳಿ ಅಂಗಿ ಹಾಕ್ಕಂಡು ಬೊಂಬೆ ನಿಂತಂಗೆ ನಿಂತ್ಬುಟ್ಟೆ. ಅಂಗಿ ಮಾತ್ರ ಚೆನ್ನಾಗೈತೆ, ಬುಡು."

ಚಲುವಯ್ಯ ಅಂಗಿಯನ್ನು ಬಿಚ್ಚಿ ಗಳದ ಮೇಲೆ ಹಾಕಿದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಟೋರು ತುಂಬಿತ್ತು. ಸಕಲೇಶಪುರದ ಗಣ್ಯರೆಲ್ಲ ಅಂದೇ ಬರುವವರಿದ್ದರು. ಚಲುವಯ್ಯ ಬಂದದ್ದು ಔಷಧಿ ಹೊಡೆಯುವ ನೀಲಿಗಟ್ಟಿದ ಹಳೆಯ ಅಂಗಿಯಲ್ಲಿ, ಎರಡು ಕ್ಯಾನು, ಒಂದು ಮಗ್ಗು, ಸೋಸುವ ಬಟ್ಟೆ ಹಿಡಿದು. ಯಾರ ಮುಖವನ್ನೂ ನೋಡದೆ ಹಗ್ಗ ಬಿಚ್ಚಿದ. ಸೊಂಟದಿಂದ ಚಾಕು ತೆಗೆದು ನೀರಿಗೆ ಅದ್ದಿ ಎತ್ತಿದ. ಆಫೀಸರಿಲ್ಲದೆ ಅವನು ಚಾಕು ಅದ್ದಿದ್ದು ಬಹಳ ವರ್ಷಗಳ ಮೇಲೆ. ಅಲಗು ಜೋರಾಗಿ ಕೆಂಪಾಯಿತು. ಸುಣ್ಣ ಸೇರದ ನೀರಿನಲ್ಲಿ ಕೆಂಪೆಂದರೆ ತಾಮ್ರ; ಸತ್ವ ಇನ್ನೂ ಇತ್ತು.

ಗೌಡರು ಓಡಿ ಬಂದರು. "ಏ ಚಲುವಯ್ಯ, ಏನೋ ಇದು? ಸಂಜೆಗಂಟ ತಡ್ಕೋ ಅಂದಿರ್ಲಿಲ್ವಾ? ಎಲ್ರೂ ಬಂದವ್ರೆ, ಮಾನ ತೆಗೀಬ್ಯಾಡ ಮಾರಾಯ."

"ಸಂಜೆಗೆ ಮಳೆ ಬತ್ತದೆ ಗೌಡ್ರೆ."

"ಮೊಬೈಲಲ್ಲಿ ಬುಧವಾರ..."

"ಮೊಬೈಲ್ ಮಳೆ ನಿಮ್ ಮೊಬೈಲ್ಗೆ ಬರ್ಲಿ. ನನ್ ಹೊಲಕ್ಕೆ ಪಡುವಲಿಂದ ಬತ್ತದೆ. ಬಳ್ಳಿ ಹೋದ್ರೆ ಮೇಷ್ಟ್ರು ಬಂದು ನೆಟ್ಕೊಟ್ಟಾರಾ? ಕೆಲ್ಸ ಬುಡು ಅಂದ್ರೆ ಬುಡ್ತೀನಿ. ತುತ್ತ ಬುಡಲ್ಲ."

ಗೌಡರು ಮೇಷ್ಟ್ರ ಕಡೆ ನೋಡಿದರು, ಶಾಲಿನ ಕಡೆ ನೋಡಿದರು. ಸುಚಿತ್ರಾ ಜನರ ನಡುವಿನಿಂದ ಬಂದು ಒಂದು ಕ್ಯಾನಿನ ಬಾಯಿ ಹಿಡಿದು ಕೂತಳು. "ಎಲ್ಲರಿಗೂ ಹೇಳ್ತಿದ್ದೀನಿ, ಇದು ನನ್ನ ಕೃತಿ ಅಲ್ಲ. ಇವರ ಡ್ರಮ್ಮು, ಇವರ ಔಷಧಿ" ಎಂದಳು. ಕಲಾವಿದೆಯ ಈ ವಿನಯಕ್ಕೆ ದೊಡ್ಡ ಚಪ್ಪಾಳೆ ಬಿತ್ತು.

ಆಮೇಲೆ ಯಾರೂ ತಡೆಯಲಿಲ್ಲ, ಯಾಕೆಂದರೆ ಪ್ರದರ್ಶನದ ಕೊನೆಯ ಭಾಗ ಶುರುವಾಗಿದೆ ಎಂದು ಎಲ್ಲರೂ ತಿಳಿದರು. ಚಲುವಯ್ಯ ಬಗ್ಗಿ ಒಂದೊಂದೇ ಮಗ್ಗು ಎತ್ತಿ ಬಟ್ಟೆಯಲ್ಲಿ ಸೋಸಿ ಸುರಿದ. ಬಟ್ಟೆಯಲ್ಲಿ ಪಿನ್ನುಗಳು, ಮೊಳೆಗಳು ಕೆಂಪಗೆ ರಾಶಿಬಿದ್ದವು. "ಎಂಥಾ ಲಯ ನೋಡ್ರೀ" ಎಂದರು ಕಲ್ಯಾಣಮ್ಮ. ನವ್ಯಶ್ರೀ ಮೊಬೈಲು ಹಿಡಿದು ಸುತ್ತ ತಿರುಗಿದಳು. ಅಳು ಬರಲಿಲ್ಲವೆಂದು ಅವಳಿಗೆ ಬೇಜಾರಾದಂತಿತ್ತು. ಸಕಲೇಶಪುರದ ಗಣ್ಯರು ತಲೆ ವಾಲಿಸಿ ನಿಂತರು. ಬಡವನು ತನ್ನ ತುತ್ತನ್ನು ಮರಳಿ ಪಡೆಯುತ್ತಿದ್ದಾನೆ ಎಂದು ಮೇಷ್ಟ್ರು ಮೆಲ್ಲಗೆ ವಿವರಿಸುತ್ತಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ಅವರ ವಿವರಣೆ ಸರಿಯಾಗಿತ್ತು, ಅದು ಅವರಿಗೆ ಗೊತ್ತಿರಲಿಲ್ಲ.

ಗಾಜಿನ ಹೆಂಚಿನಿಂದ ಬರುತ್ತಿದ್ದ ಬಿಸಿಲು ಸಣ್ಣಗಾಗುತ್ತ ಆಗುತ್ತ ಆರಿಹೋಯಿತು. ಕೊನೆಯ ಮಗ್ಗು ಡ್ರಮ್ಮಿನ ಅಡಿಯನ್ನು ಗರಗರ ಕೆರೆಯಿತು. ಚಲುವಯ್ಯ ಎರಡು ಕ್ಯಾನಿಗೂ ಮುಚ್ಚಳ ಬಿಗಿದು, ಎರಡು ಕೈಯಲ್ಲಿ ಎತ್ತಿ ಬಾಗಿಲ ಕಡೆ ತಿರುಗಿದ. ಮೇಷ್ಟ್ರು ಶಾಲು ಹೆಗಲೇರಿಸಿ ಅವನೆದುರು ಬಂದು ನಿಂತರು. ಖಾಲಿ ಡ್ರಮ್ಮಿನೊಳಗೆ ಒಮ್ಮೆ ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ, ದನಿ ತಗ್ಗಿಸಿ ಕೇಳಿದರು:

"ಎಲ್ಲರನ್ನೂ ಕೇಳಿದೆ, ನಿನ್ನನ್ನು ಕೇಳಲಿಲ್ಲವಲ್ಲಪ್ಪ. ಬಣ್ಣವೆಲ್ಲ ಬರಿದಾದ ಈ ಗಳಿಗೆಯಲ್ಲಿ, ಇದರೊಳಗೆ ನಿನಗೆ ಏನು ಕಾಣುತ್ತೆ?"

"ತಳ ಕಾಣ್ತದೆ. ದಾರಿ ಬುಡಿ ಮೇಷ್ಟ್ರೆ."